ಫ್ರೆಂಚ್ ಭೂತಕಾಲ: ಪಟ್ಟಿ ಬಾಯಿಪಾಠ ಮಾಡಲೇಬೇಕಾ?

ಪ್ರಶ್ನೆ: ಬೆಂಗಳೂರಿನಲ್ಲಿ ಫ್ರೆಂಚ್ ಕಲಿಯುತ್ತಾ ಡೆಲ್ಫ್ ಎ2 (ಫ್ರೆಂಚ್ ಭಾಷಾ ಪ್ರಮಾಣಪತ್ರದ ಎರಡನೇ ಹಂತ) ಪರೀಕ್ಷೆಗೆ ತಯಾರಾಗುತ್ತಿದ್ದೇನೆ. ಭೂತಕಾಲ ಬಂದರೆ ತಲೆ ಕೆಡುತ್ತದೆ. 'ಜ಼ೆ ಮಾಂಜ಼ೆ' (ನಾನು ತಿಂದೆ) ಸರಿ, ಆದರೆ 'ಜ಼ೆ ಆಲೆ' (ನಾನು ಹೋದೆ) ತಪ್ಪಂತೆ. ಕೆಲವು ಕಡೆ ಕೊನೆಗೆ 'ಇ' (e) ಅಕ್ಷರ ಸೇರಿಸಬೇಕಂತೆ, ಅದು ಕಿವಿಗೆ ಕೇಳಿಸುವುದೇ ಇಲ್ಲ. ಪಾರ್ತಿಸಿಪ್ ಪಾಸೆಗಳ (ಭೂತಕಾಲಕ್ಕೆ ಬಳಸುವ ಕ್ರಿಯಾಪದ ರೂಪಗಳ) ಪಟ್ಟಿಯನ್ನು ಬಾಯಿಪಾಠ ಮಾಡುವುದೊಂದೇ ದಾರಿಯಾ?

ಉತ್ತರ: ಪಟ್ಟಿ ಬೇಕು, ಆದರೆ ನೀವು ಅಂದುಕೊಂಡಷ್ಟು ಉದ್ದದ್ದಲ್ಲ. ಫ್ರೆಂಚಿನ ಹತ್ತರಲ್ಲಿ ಒಂಬತ್ತು ಕ್ರಿಯಾಪದಗಳು ಪಾರ್ಲೆ (ಮಾತಾಡು), ಮಾಂಜ಼ೆ (ತಿನ್ನು) ಥರದವು. ಇವುಗಳಲ್ಲಿ ಮೂಲರೂಪಕ್ಕೂ ಪಾರ್ತಿಸಿಪ್‌ಗೂ ಉಚ್ಚಾರ ಒಂದೇ, ಸ್ಪೆಲಿಂಗ್ ಮಾತ್ರ ಬೇರೆ. ಫಿನೀರ್ (ಮುಗಿಸು) ಫಿನಿ ಆಗುತ್ತದೆ, ವಾಂದ್ರ್ (ಮಾರು) ವಾಂದ್ಯು ಆಗುತ್ತದೆ. ಈ 'ಯು' ಹೇಳುವಾಗ ತುಟಿ 'ಉ' ಎನ್ನುವಂತೆ ದುಂಡಗಿರಲಿ, ನಾಲಿಗೆ 'ಈ' ಎನ್ನುವ ಜಾಗದಲ್ಲಿರಲಿ.

ಉಳಿದವು ಹಟಮಾರಿಗಳು. ಅವನ್ನು ಅಕ್ಷರಮಾಲೆಯ ಕ್ರಮದಲ್ಲಿ ಓದಬೇಡಿ, ಸದ್ದಿನ ಗುಂಪು ಮಾಡಿ. ವ್ಯು (ನೋಡಿದ), ಲ್ಯು (ಓದಿದ), ಬ್ಯು (ಕುಡಿದ) ಒಂದು ಗುಂಪು. ಪ್ರಿ (ತೆಗೆದುಕೊಂಡ), ಮಿ (ಇಟ್ಟ) ಇನ್ನೊಂದು. ಪ್ರಿ ಗೊತ್ತಿದ್ದರೆ ಆಪ್ರಿ (ಕಲಿತ), ಕೊಂಪ್ರಿ (ಅರ್ಥಮಾಡಿಕೊಂಡ) ಸುಮ್ನೆ ಬರುತ್ತವೆ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಪಾರ್ತಿಸಿಪ್ ಒಂಟಿಯಾಗಿ ನಿಂತು ಭೂತಕಾಲ ಆಗುವುದಿಲ್ಲ. ಅದಕ್ಕೆ ಅವ್ವಾರ್ (ಹೊಂದಿರು) ಅಥವಾ ಎತ್ರ್ (ಇರು) ಎಂಬ ಕ್ರಿಯಾಪದದ ಸಹಾಯ ಬೇಕು. ಕನ್ನಡದವರಿಗೆ ಇದು ಹೊಸದೇನಲ್ಲ. 'ತಿಂದಿದ್ದೇನೆ' ಅಂದರೆ ತಿಂದು ಮತ್ತು ಇದ್ದೇನೆ, 'ಹೋಗಿದ್ದೇನೆ' ಅಂದರೆ ಹೋಗಿ ಮತ್ತು ಇದ್ದೇನೆ. ನಮಗೆ ಎರಡಕ್ಕೂ 'ಇರು' ಸಾಕು. ಫ್ರೆಂಚಿನಲ್ಲಿ ತಿನ್ನುವುದಕ್ಕೆ ಅವ್ವಾರ್, ಹೋಗುವುದಕ್ಕೆ ಎತ್ರ್. 'ಜ಼ೆ' ಒಳಗಿರುವುದು ಅವ್ವಾರ್, 'ಜ಼ು ಸ್ವೀ' ಒಳಗಿರುವುದು ಎತ್ರ್. ಅದಕ್ಕೇ ಅದು 'ಜ಼ು ಸ್ವೀ ಆಲೆ'. ನಮ್ಮಲ್ಲಿ ಬಹಳ ಜನ 'ಜ಼ೆ ಆಲೆ' ಅನ್ನುವುದು ಇಂಗ್ಲಿಷಿನ 'ಹ್ಯಾವ್ ಗಾನ್' ತಲೆಯಲ್ಲಿ ಕೂತಿರುವುದರಿಂದ. ಕನ್ನಡದಿಂದ ಹೊರಟಿದ್ದರೆ ಈ ಒಂದು ತಪ್ಪಾದರೂ ಆಗುತ್ತಿರಲಿಲ್ಲ, ಅಲ್ವಾ?

ಎತ್ರ್ ಹಿಡಿಯುವ ಕ್ರಿಯೆಗಳು ಕೆಲವೇ: ಹೋಗು, ಬಾ, ಹೊರಡು, ಹತ್ತು, ಇಳಿ, ಬೀಳು, ಹುಟ್ಟು, ಸಾಯು, ಇಂಥವು. ಜೊತೆಗೆ ಏಳುವುದು, ಸ್ನಾನ ಮಾಡಿಕೊಳ್ಳುವುದು ಮುಂತಾಗಿ 'ಸ' (ತನ್ನನ್ನು ತಾನು) ಸೇರಿಸಿ ಹೇಳುವ ಕ್ರಿಯೆಗಳೆಲ್ಲ. ಆದರೆ ಇದರಲ್ಲೂ ಒಂದು ತಿರುವಿದೆ. 'ಎಲ್ ಎ ಸೋರ್ತಿ' ಅಂದರೆ ಅವಳು ಹೊರಗೆ ಹೋದಳು. 'ಎಲ್ ಆ ಸೋರ್ತಿ ಲ ಶ್ಯಾಂ' ಅಂದರೆ ಅವಳು ನಾಯಿಯನ್ನು ಹೊರಗೆ ಕರೆದುಕೊಂಡು ಹೋದಳು. ಕ್ರಿಯಾಪದದ ನಂತರ ಕರ್ಮ ಬಂದ ಕೂಡಲೇ ಎತ್ರ್ ('ಎ') ಹೋಗಿ ಅವ್ವಾರ್ ('ಆ') ಬಂತು. ಆದ್ದರಿಂದ ಪಾರ್ತಿಸಿಪ್ ಅನ್ನು ಒಂಟಿಯಾಗಿ ಬರೆದುಕೊಳ್ಳಬೇಡಿ. ನೋಟ್‌ಬುಕ್ಕಿನಲ್ಲಿ 'ಆಲೆ' ಬೇಡ, 'ಜ಼ು ಸ್ವೀ ಆಲೆ' ಇರಲಿ.

ಇನ್ನು ಆ ಕೇಳಿಸದ 'ಇ'. ಎತ್ರ್ ಜೊತೆ ಬಂದಾಗ ಪಾರ್ತಿಸಿಪ್ ಕರ್ತೃವಿನ ಲಿಂಗ, ವಚನಕ್ಕೆ ಹೊಂದಿಕೊಳ್ಳುತ್ತದೆ. ಹೋದವಳು ಹೆಂಗಸಾದರೆ ಬರವಣಿಗೆಯಲ್ಲಿ 'ಇ' ಸೇರುತ್ತದೆ, ಸದ್ದು ಬದಲಾಗುವುದಿಲ್ಲ. ಆದರೆ ವ್ಯಂಜನದಲ್ಲಿ ಮುಗಿಯುವವನ್ನು ಕೇಳಿ. ಗಂಡಸು ಸತ್ತರೆ 'ಮೋರ್', ಹೆಂಗಸು ಸತ್ತರೆ 'ಮೋರ್ತ್'. ಕೇಳಿಸುವ ಇಂಥವುಗಳಿಂದ ಶುರುಮಾಡಿ. ಕೈ ರೂಢಿಯಾದ ಮೇಲೆ ಕೇಳಿಸದ ಕಡೆಯೂ 'ಇ' ತಾನಾಗಿ ಬೀಳುತ್ತದೆ.

ಅವ್ವಾರ್ ಜೊತೆ ಈ ಗೊಡವೆ ಇಲ್ಲ, ಒಂದು ಸಂದರ್ಭ ಬಿಟ್ಟು. ಕರ್ಮ ಮೊದಲೇ ಬಂದರೆ ಅದಕ್ಕೆ ಹೊಂದಿಸಬೇಕು. ನಾನು ಪತ್ರ ಬರೆದೆ, 'ಜ಼ೆ ಎಕ್ರಿ ಯುನ್ ಲೆತ್ರ್'. ನಾನು ಬರೆದ ಪತ್ರ, 'ಲಾ ಲೆತ್ರ್ ಕ ಜ಼ೆ ಎಕ್ರೀತ್'. 16ನೇ ಶತಮಾನದಲ್ಲಿ ಕ್ಲೆಮಾಂ ಮಾರೋ ಎಂಬ ಕವಿ ಇಟಾಲಿಯನ್ ಭಾಷೆಯನ್ನು ಮಾದರಿ ತೋರಿಸಿ ಎತ್ತಿಹಿಡಿದ ಪದ್ಧತಿ ಇದು. ಫ್ರೆಂಚರೂ ಇದರಲ್ಲಿ ಎಡವುತ್ತಾರೆ. 2018ರಲ್ಲಿ ಬೆಲ್ಜಿಯಂನ ಇಬ್ಬರು ಮಾಜಿ ಫ್ರೆಂಚ್ ಮೇಷ್ಟ್ರುಗಳು ಅವ್ವಾರ್ ಜೊತೆಗಿನ ಈ ಹೊಂದಾಣಿಕೆಯೇ ಬೇಡ ಎಂದು ಪತ್ರಿಕೆಯಲ್ಲಿ ಬರೆದು ದೊಡ್ಡ ಚರ್ಚೆ ಎಬ್ಬಿಸಿದರು. ಎ2ಗೆ ಓದುವ ನೀವು ಸದ್ಯಕ್ಕೆ ಇದನ್ನು ಬದಿಗಿಡಿ. ನಿನ್ನೆ ಏನು ಮಾಡಿದಿರಿ ಎಂದು ದಿನಾ ಆರೇಳು ವಾಕ್ಯ ಬರೆಯಿರಿ, ಆ ಪರೀಕ್ಷೆಯ ಬರವಣಿಗೆ ಭಾಗದಲ್ಲಿ ನಡೆದ ಘಟನೆ ಹೇಳುವುದನ್ನೂ ಕೇಳುತ್ತಾರೆ.