ರಿಂಗಿನಲ್ಲಿ ಗರ್ಜನೆ, ಹೋಟೆಲ್ ಬಿಲ್ ಸ್ವಂತ ಜೇಬಿನಿಂದ

ಪ್ರಶ್ನೆ: ಪಿಯುಸಿ ಓದುವ ನನ್ನ ಮಗ ದಿನಾ ಡಬ್ಲ್ಯೂಡಬ್ಲ್ಯೂಇ ಕುಸ್ತಿ ನೋಡುತ್ತಾನೆ. "ಅಲ್ಲಿ ಎಲ್ಲರೂ ಕೋಟ್ಯಧಿಪತಿಗಳು, ನಾನೂ ಅದಕ್ಕೇ ಸೇರ್ತೀನಿ" ಅಂತಾನೆ. ಅಷ್ಟೊಂದು ಸಂಬಳ ನಿಜಕ್ಕೂ ಕೊಡ್ತಾರಾ ಸಾರ್?
— ಒಬ್ಬ ತಾಯಿ, ತಿಪಟೂರು

ಪೋಸ್ಟರಿನಲ್ಲಿ ಮುಖ ಬರುವ ಕೆಲವರಿಗೆ ಕೊಡುತ್ತಾರಮ್ಮಾ. ಸುಳ್ಳಲ್ಲ. ಆದರೆ ನಾವು ಹುಡುಗರಾಗಿದ್ದಾಗ ಆಡುತ್ತಿದ್ದ, ಈ ಕುಸ್ತಿಪಟುಗಳ ಚಿತ್ರವಿದ್ದ ಟ್ರಂಪ್ ಕಾರ್ಡಿನಲ್ಲಿ ಎತ್ತರ, ತೂಕ, ಎದೆ ಸುತ್ತಳತೆ, ತೋಳಿನ ಗಾತ್ರ ಎಲ್ಲಾ ಇರುತ್ತಿತ್ತು. ಕೈಗೆಷ್ಟು ಉಳಿಯುತ್ತೆ ಅನ್ನೋದು ಇರುತ್ತಿರಲಿಲ್ಲ.

ಅಸಲು ವಿಷಯ ಇಲ್ಲಿದೆ. ಡಬ್ಲ್ಯೂಡಬ್ಲ್ಯೂಇ ಅನ್ನೋದು ಅಮೆರಿಕದ ಕಂಪನಿ. ಆ ಕುಸ್ತಿಪಟುಗಳು ಅದರ ನೌಕರರಲ್ಲ. ಕಾಗದದ ಮೇಲೆ ಅವರು 'ಸ್ವತಂತ್ರ ಗುತ್ತಿಗೆದಾರರು'. ಯಾವ ಊರಲ್ಲಿ ಆಡಬೇಕು, ಯಾರ ಕೈಲಿ ಸೋಲಬೇಕು, ಏನು ಹೆಸರಿಟ್ಟುಕೊಳ್ಳಬೇಕು, ಎಲ್ಲಾ ಕಂಪನಿಯೇ ಹೇಳುತ್ತದೆ. ಬೇರೆ ಕಂಪನಿಗೆ ಆಡುವ ಹಾಗಿಲ್ಲ. ಇದ್ಯಾವ ಸೀಮೆ ಸ್ವತಂತ್ರ ಹೇಳಿ! ನಮ್ಮ ಬೆಂಗಳೂರಲ್ಲಿ ಊಟ ತಂದುಕೊಡೋ ಹುಡುಗನನ್ನು 'ಪಾರ್ಟ್ನರ್' ಅಂತಾರಲ್ಲ, ಅದೇ ಕಥೆ.

ಇದರಿಂದ ಕಂಪನಿಗೆ ಬಹಳ ಉಳಿತಾಯ. ಅಮೆರಿಕದಲ್ಲಿ ಪಿಂಚಣಿ ಮತ್ತು ಮುಪ್ಪಿನ ಆರೋಗ್ಯಕ್ಕೆ ಅಂತ ಕಟ್ಟುವ ತೆರಿಗೆಯಲ್ಲಿ ನೌಕರನ ಪಾಲು 7.65 ಶೇಕಡಾ, ಅಷ್ಟೇ ಪಾಲು ಮಾಲೀಕನದು. ಗುತ್ತಿಗೆದಾರ ಎರಡನ್ನೂ ತಾನೇ ಕಟ್ಟಬೇಕು. ರಿಂಗಿನಲ್ಲಿ ಮೂಳೆ ಮುರಿದರೆ ಆಪರೇಷನ್ ಖರ್ಚು ಡಬ್ಲ್ಯೂಡಬ್ಲ್ಯೂಇ ನೋಡಿಕೊಳ್ಳುತ್ತದೆ. ಮನೆಯವರಿಗೂ ಸೇರಿಸಿ ಆರೋಗ್ಯ ವಿಮೆ ಬೇಕಂದ್ರೆ ಅವರೇ ಕೊಳ್ಳಬೇಕು. ವಿಮಾನದ ಟಿಕೆಟ್ ಕಂಪನಿಯದು. ಬಾಡಿಗೆ ಕಾರು, ಹೋಟೆಲ್ ರೂಮು, ಊಟ ಆಟಗಾರನದು ಅನ್ನೋದು ಬಹುಕಾಲ ನಡೆದುಬಂದ ಪದ್ಧತಿ. ಅದಕ್ಕೇ ಹೆಸರಾಂತ ಕುಸ್ತಿಪಟುಗಳೂ ಮೂರು ಮೂರು ಜನ ಒಂದೇ ಕಾರಿನಲ್ಲಿ ರಾತ್ರಿಯಿಡೀ ಓಡಿಸಿಕೊಂಡು ಮುಂದಿನ ಊರು ಸೇರುತ್ತಿದ್ದರು. ಈ ಕಂಪನಿಗೇ ಈಗ ಅದರ ಆಟ ಪ್ರಸಾರ ಮಾಡೋಕೆ ನೆಟ್‌ಫ್ಲಿಕ್ಸ್ ಹತ್ತು ವರ್ಷಕ್ಕೆ 500 ಕೋಟಿ ಡಾಲರಿಗೂ ಜಾಸ್ತಿ ಕೊಡಲು ಒಪ್ಪಿರೋದು.

ಸಣ್ಣ ಊರುಗಳಲ್ಲಿ ಬೇರೆ ಚಿಕ್ಕ ಕಂಪನಿಗಳು ನಡೆಸುವ ಪ್ರದರ್ಶನಗಳಲ್ಲಂತೂ ಹೊಸಬರಿಗೆ ಒಂದು ಕುಸ್ತಿಗೆ 25, 50 ಡಾಲರ್ ಸಿಕ್ಕರೆ ದೊಡ್ಡದು. 'ನಮ್ಮ ಸಂಬಳ ಒಂದು ಹಾಟ್ ಡಾಗ್, ಒಂದು ಕೈಕುಲುಕು' ಅಂತ ಅವರೇ ನಗಾಡಿಕೊಳ್ಳುತ್ತಾರೆ. ಕುಸ್ತಿಗೆ ಮುಂಚೆ ಕಬ್ಬಿಣದ ತೊಲೆ ಹೊತ್ತು, ಪ್ಲೈವುಡ್ ಹಲಗೆ ಜೋಡಿಸಿ ರಿಂಗು ಕಟ್ಟೋದೂ ಎಷ್ಟೋ ಕಡೆ ಅದೇ ಹುಡುಗರು. ಆಟ ಮುಗಿದ ಮೇಲೆ ಬಿಚ್ಚಿ ಲಾರಿಗೆ ತುಂಬೋದೂ ಅವರೇ.

ಪ್ರಶ್ನೆ: ಇಷ್ಟೆಲ್ಲಾ ಅನ್ಯಾಯ ಇದ್ದರೆ ಯೂನಿಯನ್ ಯಾಕೆ ಕಟ್ಟಲ್ಲ?
— ನಿವೃತ್ತ ಕಾರ್ಮಿಕ, ಭದ್ರಾವತಿ

ಯಜಮಾನರೇ, ಪ್ರಯತ್ನ ಆಗಿದೆ. 1986ರಲ್ಲಿ, ಕಂಪನಿಯ ವರ್ಷದ ದೊಡ್ಡ ಪ್ರದರ್ಶನವಾದ ರೆಸಲ್‌ಮೇನಿಯಾದ ಎರಡನೆಯದು ಹತ್ತಿರ ಬಂದಾಗ, ಕುಸ್ತಿಪಟು ಜೆಸ್ಸಿ ವೆಂಚುರಾ ಡ್ರೆಸ್ಸಿಂಗ್ ರೂಮಿನಲ್ಲಿ ಎದ್ದುನಿಂತು ಸಂಘ ಕಟ್ಟೋಣ ಅಂದ. ಮಾಲೀಕ ವಿನ್ಸ್ ಮೆಕ್‌ಮಹೊನ್‌ಗೆ ಸುದ್ದಿ ಮುಟ್ಟಿತು. ಮುಟ್ಟಿಸಿದ್ದು ಯಾರು ಅಂತ ವೆಂಚುರಾಗೆ ವರ್ಷಗಟ್ಟಲೆ ಗೊತ್ತಾಗಲಿಲ್ಲ. ಆಮೇಲೆ ವಿಡಿಯೋ ರಾಯಲ್ಟಿಗಾಗಿ ಕಂಪನಿ ಮೇಲೆ ಕೇಸು ಹಾಕಿದಾಗ, ಮೆಕ್‌ಮಹೊನ್ ಪ್ರಮಾಣ ಮಾಡಿ ಕೊಟ್ಟ ಹೇಳಿಕೆಯಲ್ಲಿ ಹೆಸರು ಬಂತು: ಹಲ್ಕ್ ಹೋಗನ್! ಎಲ್ಲರಿಗಿಂತ ಜಾಸ್ತಿ ಸಂಪಾದಿಸುತ್ತಿದ್ದ ಕುಸ್ತಿಪಟು. ವೆಂಚುರಾ ರಾಯಲ್ಟಿ ಕೇಸು ಗೆದ್ದ, ಮುಂದೆ ಮಿನ್ನೆಸೋಟಾದ ಗವರ್ನರೂ ಆದ. ಸಂಘ ಮಾತ್ರ ಆಗಲಿಲ್ಲ.

ಇನ್ನೊಂದು ಗಂಟಿದೆ. ಸಂಘ ಕಟ್ಟುವ ಹಕ್ಕನ್ನು ಕಾಯುವ ಅಮೆರಿಕದ ಕಾನೂನು ನೌಕರರಿಗೆ ಮಾತ್ರ. ಗುತ್ತಿಗೆದಾರರು ಅದರ ಹೊರಗೆ. 2008ರಲ್ಲಿ ಮೂವರು ಮಾಜಿ ಕುಸ್ತಿಪಟುಗಳು 'ನಾವು ನೌಕರರೇ' ಅಂತ ಕೋರ್ಟಿಗೆ ಹೋದರು, ಕೇಸು ವಜಾ ಆಯಿತು. 2020ರ ನವೆಂಬರ್ 13ರಂದು ಡಬ್ಲ್ಯೂಡಬ್ಲ್ಯೂಇ ಕುಸ್ತಿಪಟು ಜೆಲಿನಾ ವೇಗಾ 'ನಾನು ಯೂನಿಯನ್ ಪರ' ಅಂತ ಟ್ವೀಟ್ ಮಾಡಿದಳು. ಕೆಲವೇ ನಿಮಿಷದಲ್ಲಿ ಅವಳನ್ನು ಕಂಪನಿಯಿಂದ ಬಿಡುಗಡೆ ಮಾಡಿದ ಪ್ರಕಟಣೆ ಬಂತು. ಆಟಗಾರರು ಸ್ವಂತ ಆನ್‌ಲೈನ್ ಚಾನೆಲ್‌ಗಳಲ್ಲಿ ಸಂಪಾದಿಸುವುದಕ್ಕೆ ಕಂಪನಿ ಅಡ್ಡಿ ಮಾಡಿದ್ದು ಜಗಳದ ಮೂಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕೋವಿಡ್ ಅಂತ ಎಷ್ಟೋ ಜನರನ್ನು ಮನೆಗೆ ಕಳಿಸಿದ್ದರು. ವರ್ಷದ ಕೊನೆಗೆ ಕಂಪನಿಯ ಆದಾಯ 97 ಕೋಟಿ ಡಾಲರ್ ದಾಟಿತ್ತು.

ಪ್ರಶ್ನೆ: ಎಲ್ಲಾ ನಾಟಕ ಅಲ್ವಾ? ಪೆಟ್ಟು ಹೇಗೆ ಬೀಳುತ್ತೆ?
— ಕಾಲೇಜು ವಿದ್ಯಾರ್ಥಿ, ಗದಗ

ಗೆಲ್ಲೋದು ಯಾರು ಅನ್ನೋದು ಮೊದಲೇ ತೀರ್ಮಾನ, ಅಷ್ಟೇ. ಬೀಳೋದು ನಿಜ. ಹಲಗೆ ಮೇಲೆ ತೆಳ್ಳನೆ ಫೋಮು, ಅದರ ಮೇಲೆ ಬಿಗಿದ ಕ್ಯಾನ್ವಾಸು. ಬೆನ್ನು ಅದರ ಮೇಲೆ ಬೀಳುತ್ತೆ. 1999ರ ಮೇ 23ರಂದು ಕ್ಯಾನ್ಸಾಸ್ ಸಿಟಿಯಲ್ಲಿ ಕುಸ್ತಿಪಟು ಓವನ್ ಹಾರ್ಟ್‌ನನ್ನು ಚಾವಣಿಯಿಂದ ಹಗ್ಗದಲ್ಲಿ ಇಳಿಸುವಾಗ ಬಿದ್ದು ಸತ್ತ. ಅವನನ್ನು ಹೊತ್ತೊಯ್ದ ಮೇಲೆ ಆ ರಾತ್ರಿಯ ಆಟ ಮುಂದುವರಿಸಿದರು! ಸಂಸಾರಕ್ಕೆ 1.8 ಕೋಟಿ ಡಾಲರ್ ಪರಿಹಾರ ಸಿಕ್ಕಿದ್ದು ಕೇಸು ಹಾಕಿದ ಮೇಲೆ.

ತಿಪಟೂರಿನ ತಾಯಿಗೆ ಇನ್ನೊಂದು ಮಾತು. ಜಲಂಧರ್‌ನಲ್ಲಿ ಗ್ರೇಟ್ ಖಲಿ ಅವರ ತರಬೇತಿ ಶಾಲೆ ಇದೆ, ಮಗ ಆಗಲೇ ಹುಡುಕಿಟ್ಟಿರುತ್ತಾನೆ. ಬಯ್ಯಬೇಡಿ. ಪಿಯುಸಿ ಮುಗಿಸಲಿ. ಆಮೇಲೆ ಎಲ್ಲೇ ಸೇರುವುದಾದರೂ ಪೆಟ್ಟಾದರೆ ಆಸ್ಪತ್ರೆ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಿ, ಉತ್ತರವನ್ನು ಕಾಗದದ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ.