ಪ್ರವಾಸಕ್ಕೆ ಎಂಥ ಟ್ರೈಪಾಡ್ ಕೊಳ್ಳಬೇಕು, ಅದರ ಜೊತೆ ರಿಮೋಟ್ ಬೇಕೇ?

ನೀವು ಬರೆದಿರುವುದರ ಸಾರ ಇಷ್ಟು: ನಿಮ್ಮಲ್ಲಿ ಒಂದು ಮಿರರ್‌ಲೆಸ್ ಕ್ಯಾಮೆರಾ, ಕಿಟ್ ಲೆನ್ಸ್ ಮತ್ತು ದೂರದ್ದನ್ನು ಹತ್ತಿರ ತೋರಿಸುವ 70-300 ಮಿ.ಮೀ. ಜೂಮ್ ಲೆನ್ಸ್ ಇವೆ. ಪ್ರವಾಸದಲ್ಲಿ ಜಲಪಾತ, ಮುಸ್ಸಂಜೆಯ ಬೆಟ್ಟಸಾಲು, ರಾತ್ರಿಯ ಆಕಾಶ ಇವುಗಳ ಚಿತ್ರ ತೆಗೆಯಬೇಕು, ಆಗಾಗ ಮನೆಯವರ ಗುಂಪಿನಲ್ಲಿ ನೀವೂ ಇರಬೇಕು. ಒಂದು ಕಿಲೋಗಿಂತ ಹಗುರವಾದ ಟ್ರೈಪಾಡ್ ಸಾಕೇ, ರಿಮೋಟ್‌ಗೆ ದುಡ್ಡು ಹಾಕಬೇಕೇ ಅಥವಾ ಮೊಬೈಲ್ ಆಪ್‌ನಲ್ಲೇ ಕೆಲಸ ಮುಗಿಯುತ್ತದೆಯೇ ಎಂಬುದು ಪ್ರಶ್ನೆ.

ನನ್ನ ಸಲಹೆ: ಒಂದು ಕಿಲೋ ಎಂಬ ಗೆರೆಯನ್ನು ಸ್ವಲ್ಪ ಸಡಿಲಿಸಿ 1.2ರಿಂದ 1.6 ಕಿಲೋ ತೂಕದ ಟ್ರೈಪಾಡ್ ಕೊಳ್ಳಿ. ರಿಮೋಟ್ ಕೊಳ್ಳುವುದಾದರೆ, ಒತ್ತಿದ ಬಟನ್ ಹಾಗೇ ನಿಲ್ಲುವಂತೆ ಲಾಕ್ ಇರುವ ಸಾದಾ ತಂತಿಯ ರಿಮೋಟ್ ಸಾಕು. ಹೀಗೆ ಹೇಳಲು ಮುಖ್ಯ ಕಾರಣ ನಿಮ್ಮ 300 ಮಿ.ಮೀ. ಲೆನ್ಸ್. ಅಗಲ ಕೋನದ ಲೆನ್ಸ್‌ನಲ್ಲಿ ಕಣ್ಣಿಗೇ ಬೀಳದ ಅಲುಗಾಟ 300 ಮಿ.ಮೀ.ನಲ್ಲಿ ಚಿತ್ರವನ್ನೇ ಕೆಡಿಸುತ್ತದೆ. ಆದ್ದರಿಂದ ಟ್ರೈಪಾಡ್ ಆರಿಸುವಾಗ ನೀವು ಹೆಚ್ಚಾಗಿ ಬಳಸುವ ಲೆನ್ಸನ್ನಲ್ಲ, ಅದರ ಮೇಲೆ ಕೂರಿಸುವ ಅತಿ ಉದ್ದದ ಲೆನ್ಸನ್ನು ಲೆಕ್ಕಕ್ಕೆ ಹಿಡಿಯಬೇಕು.

ಡಬ್ಬಿಯ ಮೇಲೆ 8 ಕಿಲೋ, 10 ಕಿಲೋ ಹೊರುತ್ತದೆ ಎಂದು ಅಚ್ಚಾಗಿರುವ ಸಂಖ್ಯೆಗೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದನ್ನು ಅಳೆಯುವ ವಿಧಾನ ಒಂದೊಂದು ಕಂಪನಿಗೆ ಒಂದೊಂದು; ಅಲ್ಲದೆ ಕುಸಿಯದೆ ನಿಲ್ಲುವುದು ಬೇರೆ, ಅಲುಗದೆ ನಿಲ್ಲುವುದು ಬೇರೆ. ಅದರ ಬದಲು ಕಾಲಿನ ಅತಿ ಕೆಳಗಿನ ಕೊಳವೆ ಎಷ್ಟು ದಪ್ಪವಿದೆ ಎಂದು ನೋಡಿ. ಒಂದರೊಳಗೊಂದು ಸೇರುವ ಈ ಕೊಳವೆಗಳು ಪ್ರತಿ ಹಂತಕ್ಕೂ ಸುಮಾರು 3 ಮಿ.ಮೀ. ತೆಳ್ಳಗಾಗುತ್ತ ಹೋಗುತ್ತವೆ. ಮೇಲಿನ ಕೊಳವೆ 22 ಮಿ.ಮೀ. ಇದ್ದು ಕಾಲಿಗೆ ಐದು ಭಾಗಗಳಿದ್ದರೆ ನೆಲ ಮುಟ್ಟುವ ಭಾಗ 10 ಮಿ.ಮೀ. ಮಾತ್ರ, ನಾಲ್ಕೇ ಭಾಗಗಳಿದ್ದು 25 ಮಿ.ಮೀ.ನಿಂದ ಆರಂಭವಾದರೆ ಕೊನೆಯದು 16 ಮಿ.ಮೀ. ಈ ಆರು ಮಿಲಿಮೀಟರ್ ಅಲ್ಪವೆಂದು ತೋರಬಹುದು, ಆದರೆ ಗೋಡೆಯ ದಪ್ಪ ಒಂದೇ ಇದ್ದಾಗ ಕೊಳವೆಯ ಬಿಗಿತ ಸರಿಸುಮಾರು ವ್ಯಾಸದ ಘನದಂತೆ ಏರುತ್ತದೆ. ಅಂದರೆ 16 ಮಿ.ಮೀ. ಕಾಲು 10 ಮಿ.ಮೀ. ಕಾಲಿಗಿಂತ ಸುಮಾರು ನಾಲ್ಕು ಪಟ್ಟು ಗಟ್ಟಿ. ಐದು ಭಾಗದ ಟ್ರೈಪಾಡ್ ಮಡಚಿದಾಗ ಗಿಡ್ಡವಾಗುತ್ತದೆ ನಿಜ, ಅದಕ್ಕೆ ತೆರುವ ಬೆಲೆ ಇದು.

ಎತ್ತರದ ವಿಷಯದಲ್ಲಿ ಜಾಹೀರಾತಿನ ಅಂಕಿ ಸಾಮಾನ್ಯವಾಗಿ ನಡುವಿನ ಕಂಬವನ್ನು ಪೂರ್ತಿ ಮೇಲೆತ್ತಿದಾಗಿನದು. ಕಂಬ ಮೇಲೆ ಹೋದಷ್ಟೂ ಕ್ಯಾಮೆರಾ ಮೂರು ಕಾಲಿನ ಆಸರೆ ತಪ್ಪಿ ಒಂಟಿ ಕಡ್ಡಿಯ ಮೇಲೆ ನಿಲ್ಲುತ್ತದೆ. ಆದ್ದರಿಂದ ಕಂಬ ಎತ್ತದೆ ಎಷ್ಟು ಎತ್ತರ ಬರುತ್ತದೆ ಎಂಬುದನ್ನೇ ನೋಡಿ. ಹೆಡ್ (ಕಾಲುಗಳ ಮೇಲೆ ಕ್ಯಾಮೆರಾವನ್ನು ಹಿಡಿದು ತಿರುಗಿಸುವ ಭಾಗ) ಮತ್ತು ಕ್ಯಾಮೆರಾ ಸೇರಿ ಮತ್ತಷ್ಟು ಎತ್ತರ ಕೊಡುವುದರಿಂದ, ನಿಮ್ಮ ಎತ್ತರಕ್ಕಿಂತ 30 ಸೆಂ.ಮೀ. ಕಡಿಮೆ ಇರುವ ಕಾಲುಗಳಾದರೂ ವ್ಯೂಫೈಂಡರ್ ಕಣ್ಣಿನ ಮಟ್ಟಕ್ಕೆ ಬರುತ್ತದೆ. ಸ್ಕ್ರೀನ್ ಮೇಲಕ್ಕೆ ಮಡಚುವ ಕ್ಯಾಮೆರಾ ನಿಮ್ಮದಾದರೆ ಇನ್ನೂ ಗಿಡ್ಡದ್ದು ನಡೆಯುತ್ತದೆ. ಆ ಉಳಿತಾಯವನ್ನು ದಪ್ಪ ಕಾಲಿಗೆ ಹಾಕುವುದು ಜಾಣತನ.

ಕಾರ್ಬನ್ ಫೈಬರ್ ಮತ್ತು ಅಲ್ಯೂಮಿನಿಯಂ ನಡುವಿನ ವ್ಯತ್ಯಾಸವನ್ನು ಜನ ತುಸು ಹಿಗ್ಗಿಸಿಯೇ ಹೇಳುತ್ತಾರೆ. 2019ರಲ್ಲಿ ಬಂದ ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡ್ ಒಂದೇ ವಿನ್ಯಾಸದಲ್ಲಿ ಎರಡೂ ಲೋಹ-ನಾರುಗಳಲ್ಲಿ ಸಿಗುವುದರಿಂದ ಹೋಲಿಕೆಗೆ ಅನುಕೂಲ: ಕಾರ್ಬನ್ನಿನದು ಸುಮಾರು 1.27 ಕಿಲೋ, ಅಲ್ಯೂಮಿನಿಯಂನದು 1.56 ಕಿಲೋ. ಮುನ್ನೂರು ಗ್ರಾಂ ಕೂಡ ಇಲ್ಲದ ಈ ವ್ಯತ್ಯಾಸಕ್ಕೆ ಬೆಲೆಯ ಅಂತರ ಮಾತ್ರ ದೊಡ್ಡದು. ಕಾರ್ಬನ್ ಕಂಪನವನ್ನು ಬೇಗ ಅಡಗಿಸುತ್ತದೆ, ಚಳಿಯಲ್ಲಿ ಮುಟ್ಟಿದರೆ ಕೈ ಕೊರೆಯುವುದಿಲ್ಲ. ದಿನವಿಡೀ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಅದು ಸರಿ. ವಾಹನದಿಂದಿಳಿದು ಹತ್ತು ಹೆಜ್ಜೆ ನಡೆದು ನಿಲ್ಲಿಸುವವರಿಗೆ ಅಲ್ಯೂಮಿನಿಯಂ ಧಾರಾಳವಾಯಿತು.

ಕಾಲುಗಳಷ್ಟೇ ಮುಖ್ಯವಾದದ್ದು ಬಾಲ್ ಹೆಡ್, ಅಂದರೆ ಗುಂಡಿನ ಮೇಲೆ ಎತ್ತಲಾದರೂ ತಿರುಗುವ ಹೆಡ್. ಕ್ಯಾಮೆರಾ ಕೂರಿಸುವ ತಿರುಪು ಎಲ್ಲೆಡೆ 1/4 ಇಂಚಿನದೇ ಆದ್ದರಿಂದ ಅದರ ಚಿಂತೆ ಬೇಡ. ಆದರೆ ಕ್ಯಾಮೆರಾದ ಬುಡಕ್ಕೆ ತಿರುಪಿ ಹೆಡ್ಡಿಗೆ ಸಿಕ್ಕಿಸುವ ಪ್ಲೇಟ್, ಬಹಳಷ್ಟು ಕಂಪನಿಗಳು ಬಳಸುವ ಆರ್ಕಾ-ಸ್ವಿಸ್ ಮಾದರಿಯದಾಗಿರಲಿ, ಮುಂದೆ ಹೆಡ್ ಬದಲಿಸಿದರೂ ಅದೇ ಪ್ಲೇಟ್ ಉಪಯೋಗಕ್ಕೆ ಬರುತ್ತದೆ. ಅಂಗಡಿಯಲ್ಲಿ ಒಂದು ಪರೀಕ್ಷೆ ಮಾಡಲೇಬೇಕು. ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ನಿಮ್ಮ ಜೂಮನ್ನು 300 ಮಿ.ಮೀ.ಗೆ ಇಟ್ಟು, ದೂರದ ಒಂದು ಅಕ್ಷರವನ್ನು ಚೌಕಟ್ಟಿನ ನಡುವೆ ತಂದು, ಹೆಡ್ಡಿನ ಗುಬಟು ಬಿಗಿಮಾಡಿ ಕೈ ತೆಗೆಯಿರಿ. ಅಗ್ಗದ ಹೆಡ್ ಆಗಿದ್ದರೆ ಕೈ ಬಿಟ್ಟೊಡನೆ ಕ್ಯಾಮೆರಾದ ಮೂತಿ ತುಸು ಕೆಳಗೆ ಜಾರಿ ಅಕ್ಷರ ಚೌಕಟ್ಟಿನಲ್ಲಿ ಮೇಲೆ ಸರಿಯುತ್ತದೆ. ಆಮೇಲೆ ಸ್ಕ್ರೀನಿನಲ್ಲಿ ಚಿತ್ರವನ್ನು 10 ಪಟ್ಟು ಹಿಗ್ಗಿಸಿ, ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ, ನಡುಕ ನಿಲ್ಲಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ಎರಡು ಟ್ರೈಪಾಡ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೀಗೆ ಮಾಡಿದರೆ ಯಾವ ವಿಮರ್ಶೆಯನ್ನೂ ಓದಬೇಕಾಗಿಲ್ಲ.

ಕಾಲಿನ ಲಾಕು ತಿರುಗಿಸುವುದೋ ಕ್ಲಿಪ್ಪಿನದೋ ಎಂಬುದು ಅಭ್ಯಾಸದ ಮಾತು. ಮರಳು ಅಥವಾ ಕೆಸರಿನಲ್ಲಿ ಗಿಡ್ಡವಾಗಿ ನಿಲ್ಲಿಸುವಾಗ ಮಾತ್ರ ಮೇಲಿನ ದಪ್ಪ ಕೊಳವೆಯ ಬದಲು ಅತಿ ಕೆಳಗಿನದನ್ನೇ ಮೊದಲು ಎಳೆಯಿರಿ. ಲಾಕುಗಳೆಲ್ಲ ನೀರು-ಮರಳಿನಿಂದ ಮೇಲೆ ಉಳಿಯುತ್ತವೆ. ಕಂಬದ ಕೆಳಗಿನ ಕೊಕ್ಕೆಗೆ ಚೀಲ ತೂಗುಹಾಕಿದರೆ ಸ್ಥಿರತೆ ಹೆಚ್ಚುವುದು ನಿಜವಾದರೂ, ಗಾಳಿಯಲ್ಲಿ ಆ ಚೀಲ ತೊಟ್ಟಿಲಿನಂತೆ ತೂಗಿದರೆ ಟ್ರೈಪಾಡನ್ನೂ ಅಲ್ಲಾಡಿಸುತ್ತದೆ. ಚೀಲದ ಬುಡ ನೆಲಕ್ಕೆ ತಾಗುವಂತಿರಲಿ.

ಇನ್ನು ರಿಮೋಟ್. ನೀವು ಹೇಳಿದ ಕೆಲಸಗಳಲ್ಲಿ ಅರ್ಧಕ್ಕೆ ಅದು ಬೇಕಾಗಿಯೇ ಇಲ್ಲ ಎಂದರೆ ಆಶ್ಚರ್ಯಪಡಬೇಡಿ. ಜಲಪಾತದ ನೀರು ರೇಷ್ಮೆ ನೂಲಾಗಿ ಕಾಣಲು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್ ಸಾಕು. ಕ್ಯಾಮೆರಾದಲ್ಲೇ ಇರುವ 2 ಸೆಕೆಂಡ್ ಟೈಮರ್ ಇಟ್ಟು ಬಟನ್ ಒತ್ತಿದರೆ, ಶಟರ್ ತೆರೆಯುವ ಹೊತ್ತಿಗೆ ಬೆರಳು ತಾಗಿದ ನಡುಕ ಇಳಿದಿರುತ್ತದೆ. ನಕ್ಷತ್ರಗಳು ಚುಕ್ಕೆಯಾಗಿಯೇ ಉಳಿಯಬೇಕೆಂದರೂ ಬಹುತೇಕ ಕ್ಯಾಮೆರಾಗಳು ತಾವಾಗಿಯೇ ಕೊಡುವ 30 ಸೆಕೆಂಡ್ ಮಿತಿಯನ್ನು ದಾಟಬೇಕಾಗುವುದಿಲ್ಲ, ಏಕೆಂದರೆ ಅದಕ್ಕಿಂತ ಹೆಚ್ಚಾದರೆ ಭೂಮಿಯ ತಿರುಗುವಿಕೆಯಿಂದ ಅವು ಗೆರೆಗಳಾಗುತ್ತವೆ.

ರಿಮೋಟ್ ಬೇಕಾಗುವುದು ಆ 30 ಸೆಕೆಂಡಿನ ಆಚೆಗೆ, ಅಂದರೆ ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಶಟರ್ ತೆರೆದಿರುವ ಬಲ್ಬ್ ಮೋಡ್‌ನಲ್ಲಿ. ಹತ್ತು ಸ್ಟಾಪ್‌ಗಳ (ಒಂದೊಂದು ಸ್ಟಾಪಿಗೂ ಬೆಳಕನ್ನು ಅರ್ಧಕ್ಕಿಳಿಸುವ) ಎನ್‌ಡಿ ಫಿಲ್ಟರ್ ಎಂಬ ಕಪ್ಪು ಗಾಜನ್ನು ಲೆನ್ಸಿನ ಮುಂದೆ ಹಾಕಿದರೆ 1/15 ಸೆಕೆಂಡಿನ ಎಕ್ಸ್‌ಪೋಷರ್ ಸುಮಾರು 68 ಸೆಕೆಂಡ್ ಆಗುತ್ತದೆ. ಅಷ್ಟು ಹೊತ್ತು ಬಟನ್ನಿನ ಮೇಲೆ ಬೆರಳಿಟ್ಟು ನಿಂತರೆ ಟ್ರೈಪಾಡ್ ಇದ್ದೂ ಪ್ರಯೋಜನವಿಲ್ಲ. ನಕ್ಷತ್ರಗಳ ಜಾಡು ತೆಗೆಯುವುದಕ್ಕೂ ಇದೇ ಸಾದಾ ತಂತಿ ಸಾಕು: ಕ್ಯಾಮೆರಾವನ್ನು ಕಂಟಿನ್ಯುಯಸ್ ಮೋಡ್‌ಗೆ, ಶಟರನ್ನು 30 ಸೆಕೆಂಡಿಗೆ ಇಟ್ಟು ರಿಮೋಟಿನ ಬಟನ್ ಒತ್ತಿ ಲಾಕ್ ಮಾಡಿದರೆ, ಬ್ಯಾಟರಿ ಇರುವವರೆಗೆ ಅದು ಒಂದರ ಹಿಂದೊಂದು ಚಿತ್ರ ತೆಗೆಯುತ್ತಲೇ ಇರುತ್ತದೆ, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಿಕೊಳ್ಳಬಹುದು. ಅಲೆ ಬಂಡೆಗೆ ಬಡಿಯುವ ಕ್ಷಣವನ್ನು ಹಿಡಿಯಬೇಕಾದಾಗಲೂ ಟೈಮರ್ ಕೈಕೊಡುತ್ತದೆ, ರಿಮೋಟ್ ಕೈಹಿಡಿಯುತ್ತದೆ.

ತಂತಿಯದನ್ನೇ ಕೊಳ್ಳಿ ಎನ್ನಲು ಕಾರಣ ಅದರ ಸರಳತೆ. ಒಳಗಿರುವುದು ಎರಡೇ ಸ್ವಿಚ್, ಒಂದು ಫೋಕಸ್‌ಗೆ, ಇನ್ನೊಂದು ಶಟರ್‌ಗೆ; ಬ್ಯಾಟರಿ ಬೇಡ. ಇನ್‌ಫ್ರಾರೆಡ್ ರಿಮೋಟ್‌ಗಳು ಕ್ಯಾಮೆರಾದ ಸೆನ್ಸರಿಗೆ ನೇರವಾಗಿ ಕಾಣಬೇಕು, ಸುಡು ಬಿಸಿಲಿನಲ್ಲಿ ಸತಾಯಿಸುತ್ತವೆ. ತಂತಿಯ ರಿಮೋಟ್ ಕೊಳ್ಳುವಾಗ ಕಂಪನಿಯ ಹೆಸರು ನೋಡಿದರೆ ಸಾಲದು, ನಿಮ್ಮ ಮಾದರಿಯ ಸಾಕೆಟ್ ಯಾವುದೆಂದು ಕೈಪಿಡಿಯಲ್ಲಿ ನೋಡಿ: ಕ್ಯಾನನ್‌ನ ಕೆಲವು ಕ್ಯಾಮೆರಾಗಳಿಗೆ 2.5 ಮಿ.ಮೀ. ದುಂಡು ಪಿನ್ ಬೇಕು, ಮೇಲಿನ ದರ್ಜೆಯ ಕೆಲವಕ್ಕೆ ಎನ್3 ಎಂಬ ಮೂರು ಪಿನ್ನಿನದು. ಸೋನಿ, ನಿಕಾನ್‌ಗಳದು ಬೇರೆಯೇ. ಬಳಸುವಾಗ ಫೋಕಸನ್ನು ಮ್ಯಾನ್ಯುಯಲ್‌ಗೆ ಹಾಕಿಕೊಳ್ಳಿ, ಇಲ್ಲವಾದರೆ ಅರ್ಧ ಒತ್ತಿದಾಗಲೆಲ್ಲ ಕ್ಯಾಮೆರಾ ಕತ್ತಲಲ್ಲಿ ಫೋಕಸ್ ಹುಡುಕತೊಡಗುತ್ತದೆ. ತೂಗಾಡುವ ತಂತಿಯನ್ನು ಒಂದು ಕಾಲಿಗೆ ಸುತ್ತಿಬಿಡಿ.

ಗುಂಪಿನ ಚಿತ್ರಕ್ಕೆ ಮಾತ್ರ ಈ ತಂತಿ ನಿರುಪಯೋಗಿ, ಅಲ್ಲಿ ಮೊಬೈಲ್ ಆಪ್ ನಿಜಕ್ಕೂ ಮೇಲು. ಕ್ಯಾಮೆರಾ ಜೊತೆ ಸಂಪರ್ಕ ಕೂಡಿಸುವಷ್ಟರಲ್ಲಿ ಸಾಕುಬೇಕಾಗುತ್ತದೆ ಎಂಬುದೊಂದನ್ನು ಬಿಟ್ಟರೆ, ಯಾರ ಮುಖ ಯಾರ ಹಿಂದೆ ಮರೆಯಾಗಿದೆ ಎಂದು ನಿಂತಲ್ಲಿಂದಲೇ ನೋಡಬಹುದು. ಆಪ್‌ನಿಂದ ಕ್ಲಿಕ್ಕಿಸುವಾಗಲೂ ಕ್ಯಾಮೆರಾದ ಟೈಮರನ್ನು ಕೆಲವು ಸೆಕೆಂಡಿಗೆ ಇಡಿ. ಮೊಬೈಲನ್ನು ಜೇಬಿಗೆ ಹಾಕಿಕೊಂಡು ತಲೆ ಎತ್ತಲು ಅಷ್ಟು ಸಮಯ ಬೇಕು.