ಒಂದು ಪಜಲ್‌ಗೆ 14 ನಿಮಿಷ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಮಂಡ್ಯ ಜಿಲ್ಲೆಯ ಹುಡುಗಿ, ದ್ವಿತೀಯ ಪಿಯುಸಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೈಸೂರಿನಲ್ಲಿ ಕೋಚಿಂಗ್, ಕಾನೂನು ಪದವಿಯ ಪ್ರವೇಶ ಪರೀಕ್ಷೆಗಳಾದ ಕ್ಲಾಟ್ ಮತ್ತು ಐಲೆಟ್ ಎರಡಕ್ಕೂ ತಯಾರಿ. ಸಲಹೆ ಕೇಳಲು ನಮ್ಮಲ್ಲಿಗೆ ಜೊತೆಗೆ ಬಂದ ತಂದೆ, "ಲೆಕ್ಕದಲ್ಲಿ ಮೊದ್ಲಿಂದ್ಲೂ ಸ್ವಲ್ಪ ವೀಕು ಮೇಡಂ" ಎಂದರು. ಆಕೆಯ ದೂರು: "ಪಜಲ್ ನೋಡಿದ್ರೆ ತಲೇನೇ ಓಡಲ್ಲ." ಐದು ಪ್ರಶ್ನೆಯ ಒಂದು ಪಜಲ್‌ಗೆ 14 ನಿಮಿಷ, ಅದರಲ್ಲೂ ಎರಡು ತಪ್ಪು.

ಅಂಕಪಟ್ಟಿ ಬದಿಗಿಟ್ಟು ರಫ್ ಹಾಳೆ ಕೇಳಿದೆವು. ಒಂದೇ ಪಜಲ್‌ಗೆ ಒಂಬತ್ತು ಚಿತ್ರ (ಯಾವುದು ಎಲ್ಲಿ ಕೂರುತ್ತದೆಂದು ಗುರುತಿಸಿದ ನಕ್ಷೆ)! ತಲೆ ಓಡುತ್ತಿದೆ, ದಾರಿ ಇಲ್ಲದೆ ಓಡುತ್ತಿದೆ, ಅಷ್ಟೇ. ಅಲ್ಲೇ ಒಂದು ಪಜಲ್ ಕೊಟ್ಟೆವು.

ಅಧಿಕಾರಿಯೊಬ್ಬರು ಸೋಮವಾರದಿಂದ ಶನಿವಾರದವರೆಗೆ ದಿನಕ್ಕೊಂದರಂತೆ ಆರು ತಾಲ್ಲೂಕುಗಳಿಗೆ ಹೋಗಬೇಕು: ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರ, ಕೆ.ಆರ್.ಪೇಟೆ, ಶ್ರೀರಂಗಪಟ್ಟಣ. ಪಾಂಡವಪುರ ಗುರುವಾರ. ಮದ್ದೂರಿನ ಮರುದಿನವೇ ಮಳವಳ್ಳಿ. ಮದ್ದೂರಿಗಿಂತ ಮೊದಲು ನಾಗಮಂಗಲ. ಕೆ.ಆರ್.ಪೇಟೆ ಸೋಮವಾರವಾದರೆ ಶ್ರೀರಂಗಪಟ್ಟಣ ಶನಿವಾರ.

ಆಕೆ ನೇರವಾಗಿ ಮೊದಲ ಪ್ರಶ್ನೆಗೆ ಹಾರಿ ಊರುಗಳನ್ನು ಕೂರಿಸಿ ನೋಡತೊಡಗಿದಳು. ರೋಗ ಇದೇ. ಮೊದಲ ಎರಡು ನಿಮಿಷ ಪ್ರಶ್ನೆ ಮುಟ್ಟಬಾರದು. ಮದ್ದೂರು–ಮಳವಳ್ಳಿ ಜೋಡಿಗೆ ಅಕ್ಕಪಕ್ಕದ ಎರಡು ದಿನ ಬೇಕು. ಗುರುವಾರ ಭರ್ತಿಯಾದ್ದರಿಂದ ಸೋಮ–ಮಂಗಳ, ಮಂಗಳ–ಬುಧ, ಶುಕ್ರ–ಶನಿ ಮಾತ್ರ ಉಳಿದವು. ಮುಂಚೆ ನಾಗಮಂಗಲ ಬರಬೇಕಾದ್ದರಿಂದ ಸೋಮ–ಮಂಗಳವೂ ಹೋಯಿತು. ಉಳಿದದ್ದು ಎರಡೇ ಚಿತ್ರ. ಜೋಡಿ ಮಂಗಳ–ಬುಧ ಆದರೆ ನಾಗಮಂಗಲ ಸೋಮವಾರ. ಜೋಡಿ ಶುಕ್ರ–ಶನಿ ಆದರೆ ಶನಿವಾರ ಮಳವಳ್ಳಿಗೆ ಹೋಯಿತು, ಶ್ರೀರಂಗಪಟ್ಟಣಕ್ಕೆ ಸಿಗದು, ಹಾಗಾಗಿ ಕೆ.ಆರ್.ಪೇಟೆ ಸೋಮವಾರ ಆಗದು. ಅಂದರೆ ಯಾವ ಚಿತ್ರದಲ್ಲೂ ಕೆ.ಆರ್.ಪೇಟೆ ಸೋಮವಾರ ಬರುವುದಿಲ್ಲ. ಇನ್ನು "ನಾಗಮಂಗಲ ಮಂಗಳವಾರವಾದರೆ ಸೋಮವಾರ ಯಾವುದು?" ಎಂದು ಕೇಳಿದರೆ ಹತ್ತು ಸೆಕೆಂಡಿನ ಕೆಲಸ: ಎರಡನೇ ಚಿತ್ರ, ಶ್ರೀರಂಗಪಟ್ಟಣ.

ಎರಡನೇ ತಪ್ಪು ಸೂಕ್ಷ್ಮವಾದದ್ದು. ಮೊದಲ ಚಿತ್ರದಲ್ಲಿ ಆಕೆ ಶ್ರೀರಂಗಪಟ್ಟಣವನ್ನು ಶನಿವಾರಕ್ಕೆ ಹಾಕಲು ಒಪ್ಪಲಿಲ್ಲ, "ಕೆ.ಆರ್.ಪೇಟೆ ಸೋಮವಾರ ಇಲ್ವಲ್ಲ ಮೇಡಂ" ಎಂದಳು. ಷರತ್ತನ್ನು ತಿರುಗಿಸಿ ಓದಿದ್ದಳು. ಕೆಆರ್‌ಎಸ್ ತುಂಬಿದರೆ ನಾಲೆಗೆ ನೀರು ಬಿಡುತ್ತಾರೆ ಎಂದುಕೊಳ್ಳೋಣ. ನಾಲೆಯಲ್ಲಿ ನೀರಿದೆ ಎಂದ ಮಾತ್ರಕ್ಕೆ ಕಟ್ಟೆ ತುಂಬಿದೆ ಎಂದೇನಲ್ಲ, ಸರದಿಯಂತೆ ಬಿಡುವ ಕಟ್ಟು ನೀರೂ ಇರಬಹುದು. ನೀರೇ ಬಿಟ್ಟಿಲ್ಲ ಎಂದರೆ ಮಾತ್ರ ಕಟ್ಟೆ ತುಂಬಿಲ್ಲ ಎನ್ನಬಹುದು. ಗದ್ದೆ ಇರುವ ಮನೆಯ ಹುಡುಗಿ, ತಕ್ಷಣ ಹಿಡಿದಳು. ‘ಇಫ್’ ಎಂದರೆ ‘ಬಂದರೆ’, ‘ಓನ್ಲಿ ಇಫ್’ ಎಂದರೆ ‘ಬಂದರೆ ಮಾತ್ರ’. ಎರಡನೆಯದರಲ್ಲಿ ಬಾಣದ ದಿಕ್ಕು, ಅಂದರೆ ಯಾವುದರಿಂದ ಯಾವುದು ಹೊರಡುತ್ತದೆ ಎಂಬುದು, ಅದಲುಬದಲು. ‘ಅನ್‌ಲೆಸ್’ ಕಂಡಲ್ಲಿ ‘ಆಗದಿದ್ದರೆ’ ಎಂದು ಓದಿಕೊಳ್ಳಬೇಕು. ಹೀಗೆ ಕನ್ನಡಕ್ಕೆ ತಂದುಕೊಳ್ಳುವುದಕ್ಕೆ ನಾಚಿಕೆ ಬೇಕಿಲ್ಲ.

ಪರೀಕ್ಷೆಯಲ್ಲಿ ಇದಕ್ಕೆ ಎಷ್ಟು ತೂಕ ಎಂಬ ಮಾತನ್ನೂ ಹೇಳಬೇಕಾಯಿತು. ಕ್ಲಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆ, ಲಾಜಿಕಲ್ ರೀಸನಿಂಗ್ (ತರ್ಕ) 22ರಿಂದ 26. ಅವೂ ಹೆಚ್ಚಾಗಿ ಗದ್ಯಭಾಗದ ವಾದ ಓದಿ ಉತ್ತರಿಸುವಂಥವು. ಐಲೆಟ್‌ನಲ್ಲಿ 150ರಲ್ಲಿ 70 ಲಾಜಿಕ್, ಪ್ರಶ್ನೆಗೆ ಸರಾಸರಿ 48 ಸೆಕೆಂಡು. ಆಕೆ ಅಭ್ಯಾಸಕ್ಕೆ ಹಿಡಿದಿದ್ದು ಅಮೆರಿಕದ ಕಾನೂನು ಪ್ರವೇಶ ಪರೀಕ್ಷೆಯಾದ ಎಲ್‌ಸ್ಯಾಟ್‌ನ ಹಳೆಯ ಲಾಜಿಕ್ ಗೇಮ್ಸ್, ಅಂದರೆ ಇಂಥವೇ ಪಜಲ್‌ಗಳು. ಅಲ್ಲಿಯೇ 2024ರ ಆಗಸ್ಟ್‌ನಿಂದ ಆ ವಿಭಾಗ ತೆಗೆದಿದ್ದಾರೆ. ಚಿತ್ರ ಬರೆಯುವ ಅಭ್ಯಾಸಕ್ಕೆ ಒಳ್ಳೆಯದೇ, ದಿನಕ್ಕೆ ಮೂರು ಗಂಟೆ ಸುರಿಯುವಷ್ಟಲ್ಲ.

ಕೊಟ್ಟ ಸಲಹೆ: ದಿನಕ್ಕೆ ಎರಡೇ ಪಜಲ್. ಮೊದಲ ಎರಡು ವಾರ ಗಡಿಯಾರ ಬೇಡ. ಪ್ರಶ್ನೆ ಮುಚ್ಚಿಟ್ಟು ಬರೀ ಷರತ್ತುಗಳಿಂದ ಏನೇನು ಹೊರಡುತ್ತದೆಂದು ಬರೆಯುವುದು. ತಪ್ಪಾದದ್ದನ್ನು ಮೂರು ದಿನ ಬಿಟ್ಟು ಉತ್ತರ ನೋಡದೆ ಮತ್ತೆ ಬಿಡಿಸುವುದು. "ಯಾವ ಕ್ರಮ ಸಾಧ್ಯ?" ಎಂಬ ಪ್ರಶ್ನೆಗೆ ಚಿತ್ರ ಬೇಡ, ಒಂದೊಂದೇ ಷರತ್ತು ಹಿಡಿದು ಆಯ್ಕೆಗಳನ್ನು ಹೊಡೆದುಹಾಕುವುದು. ಪರೀಕ್ಷೆಯಲ್ಲಿ ಎರಡು ನಿಮಿಷಕ್ಕೂ ಚಿತ್ರ ನಿಲ್ಲದಿದ್ದರೆ ಆ ಪಜಲ್ ಬಿಟ್ಟು ಮುಂದೆ ಹೋಗುವುದು. ತಪ್ಪಿಗೆ ಕಾಲು ಅಂಕ ಕಳೆಯುವುದರಿಂದ, ನಾಲ್ಕರಲ್ಲಿ ಎರಡು ಆಯ್ಕೆ ಹೋದ ಮೇಲೆ ಊಹಿಸಿದರೆ ನಷ್ಟಕ್ಕಿಂತ ಲಾಭವೇ ಜಾಸ್ತಿ.

ಐದು ವಾರದ ನಂತರ ಬಂದಾಗ ಒಂದು ಪಜಲ್‌ಗೆ ಎಂಟು ನಿಮಿಷ. ಐಲೆಟ್‌ಗೆ ಅದೂ ನಿಧಾನವೇ. ರಫ್ ಹಾಳೆಯಲ್ಲಿ ಎರಡೇ ಚಿತ್ರ, ಒಂದು ತಪ್ಪು. ‘ಅನ್‌ಲೆಸ್’ ಇದ್ದ ಸಾಲಿನಲ್ಲಿ.